ಮುಖ ಒಂದು, ಎದೆ ಇನ್ನೊಂದು, ಕಾಲು ಮತ್ತೊಂದು! ಖಾನಾಪುರದ ಟಾಕೀಸ್ ಗಾಡಿಯ ಜಾತಕ

ಸಿನಿಮಾದಲ್ಲಿ ಕಳೆದುಹೋದ ಮಗನನ್ನು ಗುರುತು ಹಿಡಿಯುವುದು ಬಲು ಸುಲಭ. ತೋಳಿನ ಮೇಲೊಂದು ಹಚ್ಚೆ, ಕೊರಳಲ್ಲಿ ಅರ್ಧ ಲಾಕೆಟ್ಟು, ಇಲ್ಲವೇ ಅಮ್ಮ ಹಾಡುತ್ತಿದ್ದ ಜೋಗುಳ... ಕಡೇ ರೀಲಿನ ಹೊತ್ತಿಗೆ ತಾಯಿ-ಮಗ ಒಂದಾಗುತ್ತಾರೆ, ನಾವು ಕಣ್ಣೊರೆಸಿಕೊಂಡು ಹೊರಗೆ ಬರುತ್ತೇವೆ. ಆದರೆ ಕಳೆದುಹೋದದ್ದು ಮನುಷ್ಯನಲ್ಲ, ಒಂದು ಗಾಡಿಯ ಹೆಸರು ಅಂದರೆ? ಕಂಪನಿಯ ಬಿಲ್ಲೆ ಇಲ್ಲ, ನಂಬರ್ ಪ್ಲೇಟು ತುಕ್ಕು, ಎಂಜಿನ್ನು ಒಂದು ಕಡೆಯದು, ಗಾಲಿ ಇನ್ನೊಂದು ಕಡೆಯದು! ಅಂಥ ಗಾಡಿಗೆ ಅಪ್ಪ-ಅಮ್ಮ ಯಾರು?

ಗಾಡಿಗೆ ಇಷ್ಟೊಂದು ಮಹತ್ವವೇ ಅನ್ನಬೇಡಿ. 1958ರ 'ಚಲ್ತಿ ಕಾ ನಾಮ್ ಗಾಡಿ' ನೆನಪಿದೆಯಲ್ಲ? ಅಶೋಕ್, ಅನೂಪ್, ಕಿಶೋರ್ ಕುಮಾರ್ ಸೋದರರು, ಮಧುಬಾಲಾ, ಇವರೆಲ್ಲರ ಜೊತೆ ಸರಿಸಮನಾಗಿ ನಟಿಸಿದ್ದು ಒಂದು ಹಳೇ ಷೆವರ್ಲೆ. ಅದೇ ವರ್ಷ ಬಂಗಾಳದಲ್ಲಿ ಋತ್ವಿಕ್ ಘಟಕ್ 'ಅಜಾಂತ್ರಿಕ್' ಮಾಡಿದರು. ಅದರಲ್ಲೂ ಒಂದು ಮುರುಕು ಷೆವರ್ಲೆ ಟ್ಯಾಕ್ಸಿಯೇ ನಾಯಕಿ. ಬಿಮಲ್ ಎಂಬ ಡ್ರೈವರ್ ಅದನ್ನು ಜೀವಕ್ಕಿಂತ ಹೆಚ್ಚಾಗಿ ಪ್ರೀತಿಸುತ್ತಾನೆ. ಕೊನೆಗೆ ಗುಜರಿಯವನು ಅದನ್ನು ಕೊಂಡೊಯ್ಯುತ್ತಾನೆ. ನಮ್ಮ ಶಂಕರ್‌ನಾಗ್ 'ಆಟೋ ರಾಜ' (1980) ಮಾಡಿದ ಮೇಲೆ ನಾಡಿನ ಆಟೋಗಳ ಬೆನ್ನ ಮೇಲೆಲ್ಲ ಅವರ ಮುಖವೇ! ಗಾಡಿಯೂ ನಟನೇ ಸ್ವಾಮಿ, ಟೈಟಲ್ ಕಾರ್ಡಿನಲ್ಲಿ ಹೆಸರು ಬರುವುದಿಲ್ಲ ಅಷ್ಟೇ.

ಈ ವಾರ ನಾನು ಹೇಳಹೊರಟಿರುವ ಗಾಡಿ ತೆರೆಯ ಮೇಲೆ ಬಂದದ್ದಲ್ಲ. ತೆರೆಯನ್ನೇ ಹೊತ್ತು ತಿರುಗಿದ್ದು! ಖಾನಾಪುರ ತಾಲ್ಲೂಕಿನಲ್ಲಿ ಇಪ್ಪತ್ತು ವರ್ಷ ಟೂರಿಂಗ್ ಟಾಕೀಸಿನ ಡೇರೆ, ಪ್ರೊಜೆಕ್ಟರು, ಡೈನಮೋ, ಪರದೆ ಎಲ್ಲವನ್ನೂ ಹೊತ್ತು ನಂದಗಡ, ಬೀಡಿ, ಇಟಗಿ, ಪಾರಿಶ್ವಾಡ ಸುತ್ತಿದ ಪಿಕಪ್ಪು ಇದು. ಅದರ ಮಾಲೀಕ ಅಜ್ಜ ತೀರಿಕೊಂಡು ವರ್ಷಗಳಾದವು. ಈಗ ಗಾಡಿ ಮೊಮ್ಮಗನ ಪಾಲಿಗೆ ಬಂದಿದೆ. ಪಾಲಿನ ಜೊತೆಗೇ ಒಂದು ಅಪವಾದವೂ ಬಂದಿದೆ.

ಮೂರು ಕಥೆ, ಒಂದು ಗಾಡಿ

ಬೆಳಗಾವಿಯಿಂದ ಖಾನಾಪುರಕ್ಕೆ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಉದ್ಯಮಬಾಗ, ಪೀರನವಾಡಿ, ಮಚ್ಛೆ ದಾಟಿದರೆ ಹಸಿರು ಶುರು. ಮಲಪ್ರಭೆಯ ದಂಡೆಯ ಈ ಊರು ಹೆಂಚು, ಮಡಕೆಗೆ ಹೆಸರುವಾಸಿ. ಅಂಥ ಒಂದು ಹೆಂಚಿನ ಶೆಡ್ಡಿನೊಳಗೆ, ಗೋಣಿಚೀಲಗಳ ಅಡಿಯಲ್ಲಿ, ಗಾಡಿ ಮಲಗಿತ್ತು.

ಮೊಮ್ಮಗ ನನ್ನ ಓರಗೆಯವನು. ನನ್ನ ಹಾಗೇ ಪಿ.ಯು.ಸಿ.ಗೆ ಕೈಮುಗಿದವನು. ಬೆಳಗಾವಿಯಲ್ಲಿ ಫಸ್ಟ್ ಶೋ ಟಿಕೆಟ್ಟಿನ ಸಾಲಿನಲ್ಲಿ ಆದ ಗೆಳೆತನ. ಅವನ ಕಾಕಾನಿಗೆ ಗಾಡಿ ಕಂಡರೆ ಆಗದು. ಶೆಡ್ಡು ಖಾಲಿ ಆಗಬೇಕು, ಗುಜರಿಯವನು ತೂಕಕ್ಕೆ ಕೇಳಿದ್ದಾನೆ, ಬಂದಷ್ಟು ಬರಲಿ ಅನ್ನುವ ಲೆಕ್ಕ.

"ಏನ್ ನೋಡ್ತೀಯೋ ತಮ್ಮಾ ಅದರಾಗ? ಅದು ಗ್ವಾದಿಂದ ರಾತ್ರೋರಾತ್ರಿ ತಂದ ಕಳ್ಳ ಗಾಡಿ. ಊರಿಗೆಲ್ಲಾ ಗೊತ್ತೈತಿ. ಕಾಗದಾ ಇಲ್ಲಾ ಪತ್ರಾ ಇಲ್ಲಾ," ಅಂದರು ಕಾಕಾ.

ಒಳಗಿನಿಂದ ಅಜ್ಜಿಯ ದನಿ ಬಂತು. "ಸುಳ್ಳ ಐತಿ ಯಪ್ಪಾ. ನಮ್ಮ ಮನ್ಯಾವ್ರು ಒಂದ ಪೈಸಾ ಕದ್ದವ್ರಲ್ಲ. ಅದು ಮಿಲ್ಟ್ರಿ ಗಾಡಿ. ಲಿಲಾವಿನ್ಯಾಗ ತಗೊಂಡದ್ದು."

ಓಣಿಯ ಹಿರಿಯರೊಬ್ಬರದು ಮೂರನೇ ಕಥೆ. ಯಾವುದೂ ಅಲ್ಲ, ಹತ್ತು ಗಾಡಿ ಒಡೆದು ಮಿಸ್ತ್ರಿಗಳು ಕಟ್ಟಿದ 'ಜೋಡ್-ತೋಡ್' ಗಾಡಿ ಅದು, ಅದಕ್ಕೆ ಮೂಲವೇ ಇಲ್ಲ ಅಂತ.

ನೋಡಿ, ಇದು ಬರೀ ತುಕ್ಕು ಕಬ್ಬಿಣದ ಮಾತಲ್ಲ. ಎಂಬತ್ತು ದಾಟಿದ ಮುದುಕಿಗೆ ತನ್ನ ಗಂಡನ ಹೆಸರಿನ ಪ್ರಶ್ನೆ. ಮೊಮ್ಮಗನಿಗೆ ಗಾಡಿ ಉಳಿಯುವ ಪ್ರಶ್ನೆ. ಮೂಲ ಸಾಬೀತಾದರೆ ಅದು 'ವಿಂಟೇಜ್'. ಆಗದಿದ್ದರೆ ಕಿಲೋ ಲೆಕ್ಕ. ಕಾಕಾ ಕೊಟ್ಟ ವಾಯಿದೆ ದೀಪಾವಳಿಯ ತನಕ.

ಮೊದಲ ಸುಳಿವು: ಮೂಗು

ಗಾಡಿ ನೋಡಲು ನಾವು ಕರೆದುಕೊಂಡು ಹೋದದ್ದು ಉದ್ಯಮಬಾಗದ ಒಬ್ಬ ಹಳೇ ಮಿಸ್ತ್ರಿಯನ್ನು. ಫೌಂಡ್ರಿ, ಲೇತು, ಗ್ಯಾರೇಜು ಮೂರರಲ್ಲೂ ಕೈ ಕಪ್ಪು ಮಾಡಿಕೊಂಡ ಮನುಷ್ಯ. ಮಾತು ಕಡಿಮೆ, ಬೀಡಿ ಜಾಸ್ತಿ. ಗಾಡಿಯ ಸುತ್ತ ಮೂರು ಸುತ್ತು ಹಾಕಿದರು, ದೇವರ ಗುಡಿ ಸುತ್ತಿದ ಹಾಗೆ.

"ಮಿಲ್ಟ್ರಿದಲ್ಲ," ಅಂದರು.

ಹೇಗೆ? ಎರಡನೇ ಮಹಾಯುದ್ಧದಲ್ಲಿ ಕೆನಡಾ ದೇಶ ಬ್ರಿಟಿಷ್ ಸಾಮ್ರಾಜ್ಯದ ಸೈನ್ಯಗಳಿಗಾಗಿ ಲಕ್ಷಗಟ್ಟಲೆ ಲಾರಿ ತಯಾರಿಸಿತು. ಬಿಡಿಭಾಗಗಳಾಗಿ ಭಾರತಕ್ಕೂ ಬಂದು ಇಲ್ಲಿ ಜೋಡಣೆಯಾದವು. ಯುದ್ಧ ಮುಗಿದ ಮೇಲೆ ಸರಕಾರ ಅವನ್ನು ಹರಾಜು ಹಾಕಿತು. ನಮ್ಮ ಕಡೆ 'ಡಿಸ್ಪೋಜಲ್ ಗಾಡಿ' ಅನ್ನುತ್ತಿದ್ದುದು ಇಂಥವನ್ನೇ. ಅವುಗಳ ತಮಾಷೆ ಏನೆಂದರೆ ಫೋರ್ಡ್ ಮತ್ತು ಷೆವರ್ಲೆ ಎರಡೂ ಕಂಪನಿ ಒಂದೇ ನಮೂನೆಯ ಕ್ಯಾಬಿನ್ನು ಹಾಕಿದ್ದವು. ಆದರೆ ಅವೆಲ್ಲ ಗಿಡ್ಡ ಮೂಗಿನವು, ನಾಯಿ ಮೂತಿಯ ಹಾಗೆ ಚಪ್ಪಟೆ. ನಮ್ಮ ಗಾಡಿಯ ಬಾನೆಟ್ಟು ಉದ್ದ, ಉಬ್ಬು, ದುಂಡು. ಮೊಸಳೆ ಬಾಯಿ ತೆರೆದ ಹಾಗೆ ಮುಂದಿನಿಂದ ಮೇಲಕ್ಕೆ ಏಳುತ್ತದೆ. ಇದು ಯುದ್ಧ ಮುಗಿದ ಮೇಲಿನ ವಿನ್ಯಾಸ.

ಹಾಗಾದರೆ ಅಜ್ಜಿ ನೋಡಿದ ಹಸಿರು ಬಣ್ಣ? ಮಿಸ್ತ್ರಿ ಕಾಕಾ ಬ್ಲೇಡಿನಿಂದ ಬಾಗಿಲ ಮೂಲೆ ಕೆರೆದರು. ಮೇಲೆ ನೀಲಿ, ಅದರಡಿ ಟಾಕೀಸಿನ ಕೆಂಪು, ಅದರಡಿ ಕಡು ಹಸಿರು. ಆ ಹಸಿರಿನಲ್ಲಿ ಇನ್ನೂ ಹೊಳಪಿತ್ತು. ಸೈನ್ಯದ ಬಣ್ಣ ಹೊಳೆಯುವುದಿಲ್ಲ, ಹೊಳೆದರೆ ಶತ್ರುವಿನ ಕಣ್ಣಿಗೆ ಬೀಳುತ್ತದೆ! ಐವತ್ತರ ಸುಮಾರಿಗೆ ಷೆವರ್ಲೆ ಪಿಕಪ್ಪಿಗೆ ಮಾಮೂಲಿ ಬಣ್ಣವೇ ಕಡು ಹಸಿರು.

ಷೆವರ್ಲೆ! ಹೆಸರು ಮೊದಲ ಸಲ ಕೇಳಿಬಂತು.

ಬಾಗಿಲು ಹೇಳಿದ ವರ್ಷ

ಷೆವರ್ಲೆ ಕಂಪನಿ ಈ ದುಂಡು ಮುಖದ ಪಿಕಪ್ಪನ್ನು ಅಮೆರಿಕದಲ್ಲಿ ಬಿಡುಗಡೆ ಮಾಡಿದ್ದು 1947ರ ಬೇಸಗೆಯಲ್ಲಿ. ಮುಂದೆ ಅಡ್ಡಡ್ಡ ಐದು ಪಟ್ಟಿಯ ಜಾಲರಿ. ನಮ್ಮ ಗಾಡಿಯಲ್ಲಿ ಆ ಜಾಲರಿ ಮಾಯ. ಯಾರೋ ಕಮ್ಮಾರ ಕಿಟಕಿಗೆ ಹಾಕುವ ಸರಳುಗಳನ್ನೇ ವೆಲ್ಡಿಂಗ್ ಮಾಡಿ ಕೂರಿಸಿದ್ದಾನೆ. ಮುಖ ಹೋದರೂ ಮೈಯ ಮೇಲಿನ ಮಚ್ಚೆ ಉಳಿದಿವೆ.

ಮಚ್ಚೆ ಒಂದು: ಮುಂದಿನ ಗಾಜು ಎರಡು ತುಂಡು. 1954ರಲ್ಲಿ ಅದು ಒಂದೇ ಗಾಜಾಯಿತು. ಆದ್ದರಿಂದ ಇದು ಅದಕ್ಕಿಂತ ಹಳೆಯದು.

ಮಚ್ಚೆ ಎರಡು: ಬಾಗಿಲ ಹಿಡಿಕೆ ಕೆಳಗೆ ತಿರುಗಿಸುವ ತರಹದ್ದು. 1952ರಿಂದ ಹೆಬ್ಬೆರಳಿಂದ ಒತ್ತುವ ಗುಂಡಿ ಬಂತು. ಅದಕ್ಕಿಂತಲೂ ಹಳೆಯದು.

ಮಚ್ಚೆ ಮೂರು: ಬಾಗಿಲ ಗಾಜಿನ ಮುಂದೆ ಗಾಳಿಗೆಂದು ತಿರುಗಿಸುವ ಮುಕ್ಕೋನದ ಸಣ್ಣ ಗಾಜು ಇಲ್ಲ. ಅದು ಬಂದದ್ದು 1951ರಲ್ಲಿ.

ಮಚ್ಚೆ ನಾಲ್ಕು: ಪೆಟ್ರೋಲು ಹಾಕುವ ಬಾಯಿ ಬಾಗಿಲ ಹಿಂದೆ, ಕ್ಯಾಬಿನ್ನಿನ ಮೈಯಲ್ಲೇ ಇದೆ. ಟ್ಯಾಂಕನ್ನು ಸೀಟಿನ ಹಿಂದೆ ಒಳಗಿಟ್ಟದ್ದು 1949ರಿಂದ.

ಲೆಕ್ಕ ಹಾಕಿ ಮಿತ್ರರೇ! 1949ಕ್ಕಿಂತ ಹಿಂದಲ್ಲ, 1951ಕ್ಕಿಂತ ಮುಂದಲ್ಲ. ಒಂದೇ ಒಂದು ಕಾಗದ ನೋಡದೆ ಬರೀ ಬಾಗಿಲು ನೋಡಿ ವಯಸ್ಸು ಹೇಳಿಬಿಟ್ಟರು ಮಿಸ್ತ್ರಿ ಕಾಕಾ.

ಬಲಗಡೆಯ ಸ್ಟೇರಿಂಗು

ಕಾಕಾ ಸೋಲುವವರಲ್ಲ. "ಷೆವರ್ಲೆ ಇರ್ಲಿ, ಏನ ಇರ್ಲಿ. ಗ್ವಾದಾಗ ಅಂಥವು ಬೇಕಾದಷ್ಟು ಇದ್ವು," ಅಂದರು.

ಮೊಮ್ಮಗ ಸ್ಟೇರಿಂಗು ತೋರಿಸಿದ. "ಕಾಕಾ, ಪೋರ್ತುಗೀಸರ ಗಾಡಿ ಆಗಿದ್ರ ಸ್ಟೇರಿಂಗ್ ಎಡಕ್ಕ ಇರಬೇಕಾಗಿತ್ತಲ್ಲ? ಇದು ಬಲಕ್ಕೈತಿ."

ವಾದ ಚೆನ್ನಾಗಿದೆ, ಆದರೆ ನಿಲ್ಲುವುದಿಲ್ಲ. ಪೋರ್ತುಗಲ್ ದೇಶ 1928ರಲ್ಲಿ ರಸ್ತೆಯ ಬಲಬದಿಗೆ ಬದಲಾಯಿಸಿದಾಗಲೂ ಗೋವೆಯನ್ನು ಮುಟ್ಟಲಿಲ್ಲ. ಸುತ್ತಲಿನ ಬ್ರಿಟಿಷ್ ಹಿಂದೂಸ್ಥಾನವೆಲ್ಲ ಎಡಬದಿಯಲ್ಲೇ ಓಡುತ್ತಿತ್ತಲ್ಲ! ಆದ್ದರಿಂದ ಬಲಗಡೆಯ ಸ್ಟೇರಿಂಗು ಅಜ್ಜನ ಪರವಾಗಿಯೂ ಸಾಕ್ಷಿ ಹೇಳುವುದಿಲ್ಲ, ವಿರುದ್ಧವಾಗಿಯೂ ಹೇಳುವುದಿಲ್ಲ.

ಆದರೆ ಬಲಗಡೆಯ ಸ್ಟೇರಿಂಗಿನ ಷೆವರ್ಲೆಗೆ ಗೋವೆಯ ಕಳ್ಳದಾರಿಯೇ ಆಗಬೇಕೆಂದೂ ಇಲ್ಲ. ಜನರಲ್ ಮೋಟರ್ಸ್ ಕಂಪನಿ 1928ರಿಂದಲೇ ಮುಂಬಯಿಯ ಶಿವಡಿಯಲ್ಲಿ ಕಾರ್ಖಾನೆ ನಡೆಸುತ್ತಿತ್ತು. ಭಾರತದಲ್ಲಿ ಕಾರು ಜೋಡಿಸಿದ ಮೊದಲ ದೊಡ್ಡ ಕಂಪನಿ ಅದೇ. ಪೆಟ್ಟಿಗೆಯಲ್ಲಿ ಬಿಡಿಭಾಗ ಬರುತ್ತಿದ್ದವು, ಶಿವಡಿಯಲ್ಲಿ ಗಾಡಿಯಾಗಿ ಹೊರಗೆ ಹೋಗುತ್ತಿದ್ದವು. ಬೆಳಗಾವಿ ಆಗ ಮುಂಬಯಿ ರಾಜ್ಯದ ಜಿಲ್ಲೆ. ಶಿವಡಿಯ ಗಾಡಿ ಬೆಳಗಾವಿಗೆ ಬರಲು ಯಾವ ಗಡಿಯೂ ದಾಟಬೇಕಿರಲಿಲ್ಲ! ಪೂರ್ತಿ ಗಾಡಿಯನ್ನು ಇಲ್ಲೇ ತಯಾರಿಸುವ ಯೋಜನೆ ಇದ್ದ ಕಂಪನಿಗಳಿಗಷ್ಟೇ ಅವಕಾಶ ಎಂದು ಸರಕಾರ 1953ರಲ್ಲಿ ಹೇಳಿದ ಮೇಲೆ, ಬರೀ ಜೋಡಿಸುತ್ತಿದ್ದ ಜನರಲ್ ಮೋಟರ್ಸ್ 1954ರಲ್ಲಿ ಬಾಗಿಲು ಹಾಕಿತು. ಫೋರ್ಡ್ ಕಂಪನಿಯದೂ ಅದೇ ಗತಿ.

ಅಂದರೆ 1949-51ರ ಷೆವರ್ಲೆ ರಾಜಮಾರ್ಗದಲ್ಲೇ ಬೆಳಗಾವಿಗೆ ಬಂದಿರಬಹುದು. 'ಬಹುದು' ಸಾಲದು. ಕೋರ್ಟಿಗೂ ಸಾಲದು, ಅಜ್ಜಿಗೂ ಸಾಲದು.

ಕಾಲು ಬೇರೆ, ಎದೆ ಬೇರೆ

ಗಾಡಿಯ ಕೆಳಗೆ ನುಸುಳಿದಾಗ ಕಥೆ ಇನ್ನೂ ಗೋಜಲಾಯಿತು. ಮುಂದಿನ ಗಾಲಿಗೆ ಆರು ಬೋಲ್ಟು, ಹಿಂದಿನ ಗಾಲಿಗೆ ಐದು! ಷೆವರ್ಲೆ ಅರ್ಧ ಟನ್ನಿನ ಪಿಕಪ್ಪಿಗೆ ಆರು ಬೋಲ್ಟೇ ಸರಿ. ಹಿಂದಿನದು ಯಾರದು?

ಮಿಸ್ತ್ರಿ ಕಾಕಾ ಎಡಗಡೆಯ ಹಿಂದಿನ ಗಾಲಿಗೆ ಪಾನಾ ಹಾಕಿದರು. ಮಾಮೂಲಿ ದಿಕ್ಕಿಗೆ ತಿರುಗಿಸಿದರೆ ಬಿಗಿಯಾಗುತ್ತದೆ. ಉಲ್ಟಾ ತಿರುಗಿಸಿದರೆ ಸಡಿಲ. ಉಲ್ಟಾ ಆಟೆ! ಎಡಗಡೆಯ ಗಾಲಿಗೆ ಉಲ್ಟಾ ಆಟೆ ಹಾಕುವ ಚಟ ಹೆಚ್ಚಾಗಿ ಇದ್ದದ್ದು ಇಬ್ಬರಿಗೆ: ಹಳೇ ವಿಲ್ಲೀಸ್ ಜೀಪು, ಮತ್ತೆ ಡಾಡ್ಜ್ ಮನೆತನ. ಇಬ್ಬರಲ್ಲಿ ಯಾರು?

ಅದಕ್ಕೂ ಉಪಾಯವಿದೆ. ಐದು ಬೋಲ್ಟಿನ ಗಾಲಿಯಲ್ಲಿ ಎದುರುಬದುರು ಬೋಲ್ಟು ಇರುವುದಿಲ್ಲ, ನೇರ ಅಳೆಯಲು ಬಾರದು. ಪಕ್ಕಪಕ್ಕದ ಎರಡು ಬೋಲ್ಟುಗಳ ನಡುಮಧ್ಯದ ಅಂತರ ಅಳೆದು 1.7ರಿಂದ ಗುಣಿಸಿದರೆ ವೃತ್ತದ ಅಗಲ ಸಿಗುತ್ತದೆ. ಅಜ್ಜಿಯ ಹೊಲಿಗೆ ಟೇಪು ತಂದು ಅಳೆದೆವು. ಎರಡೂ ಮುಕ್ಕಾಲು ಇಂಚಿಗೆ ತುಸು ಕಡಿಮೆ. ಗುಣಿಸಿದರೆ ನಾಲ್ಕೂವರೆ ಇಂಚು. ಜೀಪಾಗಿದ್ದರೆ ಐದೂವರೆ ಬರಬೇಕಿತ್ತು. ಅಲ್ಲಿಗೆ ಡಾಡ್ಜ್! ಮುಂಬಯಿ ಕುರ್ಲಾದ ಪ್ರೀಮಿಯರ್ ಕಂಪನಿ ಒಂದೇ ಲಾರಿಯನ್ನು ಡಾಡ್ಜ್, ಫಾರ್ಗೋ, ಡಿಸೋಟೊ ಎಂಬ ಮೂರು ಹೆಸರಲ್ಲಿ ಮಾರುತ್ತಿತ್ತು. ಡಬಲ್ ರೋಲ್ ಅಲ್ಲ, ತ್ರಿಪಾತ್ರ! ಹಿಂದಿನ ಎಕ್ಸೆಲ್ಲು ಆ ಮನೆತನದ್ದು.

ಇನ್ನೊಂದು ಸಾಕ್ಷಿಯೂ ಸಿಕ್ಕಿತು. ಷೆವರ್ಲೆ ಅರ್ಧ ಟನ್ನಿನ ಗಾಡಿಗೆ ಆ ಕಾಲದಲ್ಲಿ ಗೇರ್‌ಬಾಕ್ಸಿನಿಂದ ಹಿಂದಕ್ಕೆ ಹೋಗುವ ಶಾಫ್ಟು ಒಂದು ಕೊಳವೆಯೊಳಗೆ ಮುಚ್ಚಿರುತ್ತಿತ್ತು. ಇಲ್ಲಿ ಶಾಫ್ಟು ಬಯಲಲ್ಲಿ ತಿರುಗುತ್ತದೆ, ಎರಡೂ ತುದಿಗೆ ಜಾಯಿಂಟು. ಗೇರ್‌ಬಾಕ್ಸೂ ಬದಲಾಗಿದೆ ಎಂದಾಯಿತು.

ಎಂಜಿನ್ನೋ, ಕೇಳಲೇಬೇಡಿ. ನಾಲ್ಕು ಸಿಲಿಂಡರಿನ ಪರ್ಕಿನ್ಸ್ ಡೀಜಲ್, ಮದ್ರಾಸಿನ ಸಿಂಪ್ಸನ್ ಕಂಪನಿಯ ತಗಡು ಹೊಡೆದದ್ದು. 1973ರ ಕೊನೆಗೆ ಅರಬ್ ದೇಶಗಳು ಎಣ್ಣೆ ಬಿಗಿಹಿಡಿದು ಪೆಟ್ರೋಲಿನ ಬೆಲೆ ಗಗನಕ್ಕೇರಿದಾಗ ನಾಡಿನ ಹಳೇ ಅಮೆರಿಕನ್ ಗಾಡಿಗಳೆಲ್ಲ ಹೀಗೆ ಎದೆ ಬದಲಾಯಿಸಿಕೊಂಡವು.

"ನೋಡ್ರಿ, ನಾ ಹೇಳ್ಲಿಲ್ಲೇನು? ಜೋಡ್-ತೋಡ್!" ಓಣಿಯ ಹಿರಿಯರಿಗೆ ಖುಷಿಯೋ ಖುಷಿ.

ಮಿಸ್ತ್ರಿ ಕಾಕಾ ಬೀಡಿ ಆರಿಸಿದರು. "ಅಲ್ರಿ ಅಜ್ಜಾರ. ಚಾಸಿ ಒಂದ ಕಡೇನೂ ಕತ್ತರಿಸಿಲ್ಲ, ಬೆಸುಗಿ ಇಲ್ಲ. ಮ್ಯಾಲಿನ ಕ್ಯಾಬಿನ್ನು ಅದಕ್ಕ ಹುಟ್ಟಿದ್ದು. ಹಲ್ಲು ಕಟ್ಟಿಸ್ಕೊಂಡ ಮಾತ್ರಕ್ಕ ಮನಿಷಾ ಬ್ಯಾರೆ ಆಗ್ತಾನೇನ್ರಿ?"

ಕರಪತ್ರದ ಪೆಟ್ಟಿಗೆ

ಕಬ್ಬಿಣ ಹೇಳುವಷ್ಟು ಹೇಳಿತು. ಇನ್ನು ಕಾಗದ. ಅಜ್ಜಿಯ ಮಂಚದ ಕೆಳಗಿದ್ದ ತಗಡಿನ ಪೆಟ್ಟಿಗೆಯಲ್ಲಿ ಟಾಕೀಸಿನ ಹಳೇ ಕರಪತ್ರಗಳು, ಗುಲಾಬಿ, ಹಳದಿ ಕಾಗದದವು. ಇವನ್ನೇ ಈ ಗಾಡಿಯಿಂದ ಬೀದಿ ಬೀದಿಗೆ ಎಸೆಯುತ್ತಿದ್ದರು. ಕ್ಯಾಬಿನ್ನಿನ ತಲೆಯ ಮೇಲೆ ಕಟ್ಟಿದ ಭೋಂಗಾ ಕೂಗುತ್ತಿತ್ತು, ಹುಡುಗರು ಹಿಂದೆ ಓಡುತ್ತಿದ್ದರು. ಒಂದೇ ಪ್ರೊಜೆಕ್ಟರು, ಆದ್ದರಿಂದ ರೀಲು ಬದಲಿಸುವಾಗಲೆಲ್ಲ ಕತ್ತಲೆ, ಸಿಳ್ಳೆ. ಆರ್ಕ್ ದೀಪಕ್ಕೆ ಬೇಕಾದ ಕರೆಂಟು ಡೈನಮೋದಿಂದಲೇ ಬರಬೇಕು, ಹಳ್ಳಿಯಲ್ಲಿ ಇನ್ನೆಲ್ಲಿಂದ?

ಕರಪತ್ರಗಳ ತಳದಲ್ಲಿ ಎರಡು ವಸ್ತು ಇದ್ದವು. ಒಂದು ಅಜ್ಜನ ಖರ್ಚಿನ ವಹಿ. ಇನ್ನೊಂದು ಮಡಿಕೆ ಹರಿದ ಆರ್.ಸಿ. ಪುಸ್ತಕ!

ಮುಂಬಯಿ ರಾಜ್ಯದ ಮುದ್ರೆ. ಬಿ ಅಕ್ಷರದಿಂದ ಶುರುವಾಗುವ ನಂಬರು. ಷೆವರ್ಲೆ, ತಯಾರಾದ ವರ್ಷ 1950. ಬೆಳಗಾವಿಯಲ್ಲಿ ನೋಂದಣಿ 1951ರ ಜನವರಿ. ಮೊದಲ ಮಾಲೀಕರು ಬೆಳಗಾವಿಯ ಒಬ್ಬ ಕಟ್ಟಿಗೆ ವ್ಯಾಪಾರಿ. 1958ರಲ್ಲಿ ಅಜ್ಜನ ಹೆಸರಿಗೆ ವರ್ಗ. 1956ರ ನವೆಂಬರ್ 1ರಂದು ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಎಂ.ವೈ. ನಂಬರು ಬಂದದ್ದೂ ಅದರಲ್ಲೇ ಇದೆ. ಹಿಂದಿನ ಪ್ಲೇಟಿನ ಬಣ್ಣ ಕೆರೆದಾಗ ನಮಗೆ ಕಂಡಿದ್ದ ಎರಡು ಪದರದ ಅಕ್ಷರಗಳ ಗುಟ್ಟು ಇದೇ.

ಗೋವೆಯ ಗಡಿ ಮುಚ್ಚಿ ದಿಗ್ಬಂಧನ ಹಾಕಿದ್ದು 1955ರಲ್ಲಿ. ಗೋವೆ ವಿಮೋಚನೆ 1961ರ ಡಿಸೆಂಬರ್ 19. ಕಳ್ಳಸಾಗಣೆಯ ಆ ದಿನಗಳಿಗೆ ನಾಲ್ಕು ವರ್ಷ ಮೊದಲೇ ಈ ಗಾಡಿ ಬೆಳಗಾವಿಯ ರಸ್ತೆಯಲ್ಲಿ ತೆರಿಗೆ ಕಟ್ಟಿ ಓಡುತ್ತಿತ್ತು!

ವಹಿಯಲ್ಲಿ ಉಳಿದದ್ದೆಲ್ಲ ಬರೆದಿತ್ತು. 1968ರಲ್ಲಿ ಜಾಂಬೋಟಿ ಘಟ್ಟದಲ್ಲಿ ಹಿಂದಿನ ಎಕ್ಸೆಲ್ಲು ಮುರಿದು 'ಫಾರ್ಗೋ ಎಕ್ಸೆಲ್, ಗೇರ್ ಬಾಕ್ಸ್ ಹಳೇದು' ತಂದದ್ದು. 1974ರಲ್ಲಿ ಡೀಜಲ್ ಎಂಜಿನ್ನು ಕೂರಿಸಿದ್ದು. ಅದರ ಮುಂದೆ ಒಂದು ಸಾಲು: 'ಪೆಟ್ರೋಲ್ ಎಂಜಿನ್ ಡೈನಮೋಕ್ಕೆ.'

ಕ್ಲೈಮ್ಯಾಕ್ಸ್: ಸಿ 17 0

ಆ ಸಾಲು ಓದಿದ್ದೇ ತಡ, ಮೊಮ್ಮಗ ಶೆಡ್ಡಿನ ಹಿಂದಕ್ಕೆ ಓಡಿದ. ಡೇರೆಯ ಕೊಳೆತ ಕ್ಯಾನ್ವಾಸಿನ ಅಡಿಯಲ್ಲಿ ಮರದ ಚೌಕಟ್ಟಿನ ಮೇಲೆ ಒಂದು ಎಂಜಿನ್ನು, ಅದಕ್ಕೆ ಪಟ್ಟಾ ಹಾಕಿದ ಡೈನಮೋ. ಅವನು ಚಿಕ್ಕಂದಿನಲ್ಲಿ ಅದರ ಮೇಲೆ ಕುಳಿತು ಕುದುರೆ ಆಟ ಆಡಿದವನಂತೆ! ಆರು ಸಿಲಿಂಡರು. ಮಿಸ್ತ್ರಿ ಕಾಕಾ ಕೆಳಗಿನ ತಗಡು ಬಿಚ್ಚಿ ಮೊಬೈಲಿನ ಬೆಳಕು ಬಿಟ್ಟರು. ಕನೆಕ್ಟಿಂಗ್ ರಾಡುಗಳ ತಳದಲ್ಲಿ ಎಣ್ಣೆ ಎರಚುವ ಪುಟ್ಟ ಚಮಚಗಳು, ಎರಕ ಹೊಯ್ದ ವೈಟ್ ಮೆಟಲ್ ಬೇರಿಂಗು. ಷೆವರ್ಲೆಯ 216 ಕ್ಯೂಬಿಕ್ ಇಂಚಿನ ಎಂಜಿನ್ನಿನ ಲಕ್ಷಣವೇ ಇದು, ನಮ್ಮ ಲೆಕ್ಕದಲ್ಲಿ ಮೂರೂವರೆ ಲೀಟರು.

ಬ್ಲಾಕಿನ ಮೈಮೇಲೆ ಎರಕದಲ್ಲೇ ಮೂಡಿದ ಅಕ್ಷರ: 'ಸಿ 17 0'. ಜನರಲ್ ಮೋಟರ್ಸಿನ ಫೌಂಡ್ರಿಯ ಪದ್ಧತಿ ಹೀಗೆ: ಮೊದಲ ಅಕ್ಷರ ತಿಂಗಳು, ಎ ಅಂದರೆ ಜನವರಿ, ಸಿ ಅಂದರೆ ಮಾರ್ಚ್. ಆಮೇಲೆ ತಾರೀಕು. ಕಡೆಗೆ ವರ್ಷದ ಕೊನೆಯ ಅಂಕೆ. ಸೊನ್ನೆ 1940 ಆಗಬಹುದು, 1950 ಆಗಬಹುದು. ಬಾಗಿಲೂ ಆರ್.ಸಿ.ಯೂ ಸೇರಿ ಐವತ್ತು ಅನ್ನುತ್ತಿವೆ. 1950ರ ಮಾರ್ಚ್ 17ರಂದು ಎರಕ ಹೊಯ್ದ ಬ್ಲಾಕು, ಮರುವರ್ಷದ ಜನವರಿಗೆ ಬೆಳಗಾವಿಯಲ್ಲಿ.

ಆದರೂ ಅದೇ ಕಾಲದ ಬೇರೆ ಎಂಜಿನ್ನಾಗಿದ್ದರೆ? ಡಿಸ್ಟ್ರಿಬ್ಯೂಟರಿನ ಹಿಂದೆ ಬ್ಲಾಕಿನ ಮೇಲೆ ಒಂದು ನುಣುಪು ಪಟ್ಟಿ ಇರುತ್ತದೆ. ಎಂಜಿನ್ನಿನ ನಂಬರು ಕುಟ್ಟುವುದು ಅಲ್ಲೇ. ಸೀಮೆಎಣ್ಣೆ ಅರಿವೆಯಿಂದ ಒರೆಸಿದರು. ಮೇಲೆ ಸೀಮೆಸುಣ್ಣ ತಿಕ್ಕಿದರು. ಒಂದೊಂದೇ ಅಂಕೆ ಬೆಳ್ಳಗೆ ಎದ್ದು ಬಂತು. ಮೊಮ್ಮಗ ಆರ್.ಸಿ. ಹಿಡಿದು ಓದುತ್ತಿದ್ದ, ಮಿಸ್ತ್ರಿ ಕಾಕಾ ಬೆರಳಿಟ್ಟು ಹೂಂಗುಟ್ಟುತ್ತಿದ್ದರು. ಕಡೇ ಅಂಕೆಯವರೆಗೆ ಹೊಂದಿತು!

ಅಜ್ಜಿ ಬಾಗಿಲಲ್ಲೇ ನಿಂತಿದ್ದಳು. ಮಿಲ್ಟ್ರಿ ಗಾಡಿ ಅಲ್ಲವೆಂದು ಹೇಳಿದೆವು, ಅದಕ್ಕೆ ಬೇಸರವಿಲ್ಲ. "ಕದ್ದದ್ದಲ್ಲ ಹೌದಲ್ಲೋ?" ಅಂತ ಒಂದೇ ಪ್ರಶ್ನೆ. ಕಾಕಾ ಆರ್.ಸಿ. ಪುಸ್ತಕವನ್ನು ಎರಡು ಸಲ ತಿರುವಿ ನೋಡಿದರು. ಕೊನೆಗೆ, "ಗುಜರಿಯವಂಗ ಬರಬ್ಯಾಡ ಅಂತ ಹೇಳ್ತೀನಿ ತಗೋ, ಅವ್ವಾ," ಅಂದರು.

ಇನ್ನು ಮುಂದೆ?

ಕೇಂದ್ರ ಸರಕಾರ 2021ರ ಜುಲೈಯಲ್ಲಿ ವಿಂಟೇಜ್ ಗಾಡಿಗಳಿಗೇ ಬೇರೆ ನಿಯಮ ತಂದಿದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನ್ನು ಮೂಲ ಸ್ವರೂಪದಲ್ಲಿರಬೇಕು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ನಂಬರಿನಲ್ಲಿ ರಾಜ್ಯದ ಅಕ್ಷರದ ಮುಂದೆ 'ವಿಎ' ಬರುತ್ತದೆ. ಪ್ರದರ್ಶನಕ್ಕೆ, ರ್‍ಯಾಲಿಗೆ ಓಡಿಸಬಹುದು. ದಿನಬಳಕೆಗೆ, ಬಾಡಿಗೆಗೆ ಓಡಿಸುವಂತಿಲ್ಲ.

ಡೀಜಲ್ ಎಂಜಿನ್ನು ಇರುವ ತನಕ ನಮ್ಮ ಗಾಡಿ ಈ ಪರೀಕ್ಷೆಯಲ್ಲಿ ಪಾಸಾಗುವುದು ಕಷ್ಟ. ಹಳೇ ಎಂಜಿನ್ನು ಮತ್ತೆ ಎದೆಗೆ ಬರಬೇಕು. ಅದಕ್ಕೆ ಹೊಂದುವ ಗೇರ್‌ಬಾಕ್ಸು, ಕೊಳವೆಯ ಶಾಫ್ಟು, ಆರು ಬೋಲ್ಟಿನ ಹಿಂದಿನ ಎಕ್ಸೆಲ್ಲು ಹುಡುಕಬೇಕು. ಬೇರಿಂಗಿಗೆ ವೈಟ್ ಮೆಟಲ್ ಹೊಸದಾಗಿ ಎರಕ ಹೊಯ್ಯಬೇಕು. ಖರ್ಚಿದೆ, ಕಾಲವೂ ಬೇಕು. ಎಂಜಿನ್ನು ಚೈನ್ ಪುಲ್ಲಿಯಲ್ಲಿ ಇಳಿದು ಉದ್ಯಮಬಾಗಕ್ಕೆ ಹೋಗಿದೆ, ಬ್ಲಾಕು ಸೀಳಿದೆಯೋ ಇಲ್ಲವೋ ನೋಡುತ್ತಿದ್ದಾರೆ.

ಅಭಿಮಾನಿ ಮಿತ್ರರೇ, ನಿಮ್ಮೂರಿನ ಶೆಡ್ಡಿನಲ್ಲೂ ಇಂಥದೊಂದು ಇದ್ದೀತು. ಇದ್ದರೆ ಬಿಲ್ಲೆ ನೋಡಿ ಮೋಸ ಹೋಗಬೇಡಿ, ಬಿಲ್ಲೆಯನ್ನು ಯಾರು ಬೇಕಾದರೂ ಅಂಟಿಸಬಹುದು. ಬಾಗಿಲ ಹಿಡಿಕೆ ನೋಡಿ, ಬೋಲ್ಟು ಎಣಿಸಿ, ಬ್ಲಾಕಿನ ಎರಕದ ಅಕ್ಷರ ಬರೆದುಕೊಳ್ಳಿ. ಬಣ್ಣ ಕೆರೆಯುವ ಮೊದಲು ಒಂದು ಫೋಟೋ ಹೊಡೆಯಿರಿ. ಮನೆಯ ಹಳೇ ಪೆಟ್ಟಿಗೆಯ ತಳದ ತನಕ ಕೈಹಾಕಿ. ಗುಜರಿಯವನ ತಕ್ಕಡಿಗೆ ಅವಸರ ಇದ್ದದ್ದೇ, ನೀವು ಅವಸರ ಮಾಡಬೇಡಿ.